ಮರಿ ಕೊಡುವವರು ಸರಿಯಾದವರಾ ಅಂತ ತಿಳಿಯೋದು ಹೇಗೆ? (ಲ್ಯಾಬ್ರಡಾರ್ ನಾಯಿಮರಿ ತರುವ ಯೋಚನೆ)

ತುಮಕೂರಿನ ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಹೋದ ವರ್ಷ ದೀಪಾವಳಿ ಹೊತ್ತಿಗೆ ಮಗಳ ಹಟಕ್ಕೆ ಒಂದು ಲ್ಯಾಬ್ರಡಾರ್ ಮರಿ ತಂದೆವು. ಆನ್‌ಲೈನ್ ಜಾಹೀರಾತು ನೋಡಿ ಫೋನ್ ಮಾಡಿದ್ದು. 9,000 ರೂಪಾಯಿ. ಮನೆಗೇ ಬಂದು ನೋಡುತ್ತೇವೆ ಎಂದೆವು. "ಬೇಡ ಸರ್, ನಿಮಗ್ಯಾಕೆ ತೊಂದರೆ, ನಾನೇ ಟೋಲ್ ಹತ್ರ ತಂದುಕೊಡ್ತೀನಿ" ಅಂದರು. ನಮಗೂ ಅದೇ ಅನುಕೂಲ ಅನ್ನಿಸಿತು. ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಮರಿ ಬಂತು. ತಾಯಿ ಎಲ್ಲಿ ಎಂದರೆ "ಅಣ್ಣನ ಮನೇಲಿದೆ" ಎಂಬ ಉತ್ತರ. ಲಸಿಕೆಯ ಪುಸ್ತಕ ಕೊಟ್ಟರು. ಅದರಲ್ಲಿ ಸ್ಟಿಕ್ಕರ್ ಇತ್ತು, ಡಾಕ್ಟರ ಸಹಿ ಇರಲಿಲ್ಲ. ಅದನ್ನು ನಾನು ಗಮನಿಸಿದ್ದು ಎಲ್ಲ ಮುಗಿದ ಮೇಲೆ.

ಮೂರನೇ ದಿನ ಊಟ ಬಿಟ್ಟಿತು. ನಾಲ್ಕನೇ ದಿನ ವಾಂತಿ, ರಕ್ತಭೇದಿ. ಪಾರ್ವೊ ಅನ್ನುವ ವೈರಸ್ ಕಾಯಿಲೆ ಅಂದರು ಡಾಕ್ಟರು. ಡ್ರಿಪ್ ಹಾಕಿಸಿದೆವು. ಆರನೇ ದಿನ ಬೆಳಗ್ಗೆ ಹೋಗಿಬಿಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ "ನೀವೇ ಏನೋ ತಿನ್ನಿಸಿರ್ತೀರಾ" ಅಂದು ಇಟ್ಟರು. ಆಮೇಲೆ ನಂಬರ್ ಬ್ಲಾಕ್.

ಈಗ ಮಗಳು ಮತ್ತೆ ಕೇಳುತ್ತಿದ್ದಾಳೆ. ಒಬ್ಬರು 35,000 ಹೇಳುತ್ತಾರೆ, ಇನ್ನೊಬ್ಬರು 12,000. ಇಬ್ಬರೂ "ನಾವು ಒಳ್ಳೆ ಬ್ರೀಡರ್" ಅಂತಲೇ ಹೇಳೋದು. ಸ್ನೇಹಿತರು "ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇದ್ರೆ ಕಣ್ಣುಮುಚ್ಚಿ ತಗೋ" ಅನ್ನುತ್ತಾರೆ. ನಿಜವಾಗಿ ವ್ಯತ್ಯಾಸ ತಿಳಿಯೋದು ಹೇಗೆ? ಬರೀ ದುಡ್ಡಿನದ್ದೇನಾ?

ಮೈಸೂರು ವೆಟ್

ಓದಿ ಬೇಜಾರಾಯಿತು ಸರ್. ನಿಮ್ಮ ಪ್ರಶ್ನೆಗೆ ಮೊದಲು ಒಂದು ಬೇರೆ ಮಾತು. ದಯವಿಟ್ಟು ತಪ್ಪು ನಿಮ್ಮದು ಅಂದುಕೊಳ್ಳಬೇಡಿ. ಪಾರ್ವೊ ಮೈಸೇರಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ನಿಮ್ಮ ಮರಿಗೆ ಮೂರನೇ ದಿನಕ್ಕೇ ಶುರುವಾಗಿದೆ ಅಂದರೆ, ಆ ಡಬ್ಬದಲ್ಲಿ ಬರುವಾಗಲೇ ರೋಗ ಜೊತೆಗೆ ಬಂದಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ವಿಷಯವನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಬಟ್ಟಲಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಯುವುದಿಲ್ಲ. ಮನೆಬಳಕೆಯ ಬ್ಲೀಚ್ ಒಂದು ಪಾಲು, ನೀರು 30 ಪಾಲು, ಹೀಗೆ ಬೆರೆಸಿದ ನೀರು ಮೊದಲೇ ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಬೇಕು. ಫಿನಾಯಿಲ್ ಜೊತೆ ಬೆರೆಸಬೇಡಿ. ಹಳೆ ಹಾಸಿಗೆ, ಬೆಲ್ಟು, ಬಟ್ಟಲು ಎಸೆದುಬಿಡಿ. ಮಣ್ಣಿನ ಅಂಗಳ ಇದ್ದರೆ ಅದನ್ನು ಪೂರ್ತಿ ಶುದ್ಧ ಮಾಡುವುದು ಕಷ್ಟ. ಹಾಗಾಗಿ ಹೊಸ ಮರಿಯನ್ನು ಅದರ ಲಸಿಕೆಗಳು ಮುಗಿಯುವ ತನಕ ಅಂಗಳಕ್ಕೆ ಬಿಡಬೇಡಿ.

ಲಸಿಕೆ ಮುಗಿಯುವುದು ಅಂದರೆ ಒಂದು ಚುಚ್ಚುಮದ್ದಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ, 16 ವಾರ ದಾಟುವ ತನಕ ಕೊಡುತ್ತೇವೆ. "ಫುಲ್ ವ್ಯಾಕ್ಸಿನ್ ಆಗಿದೆ" ಅಂತ 40 ದಿನದ ಮರಿ ಮಾರುವವರು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ತಾಯಿಗೆ ಲಸಿಕೆ ಆಗಿತ್ತಾ, ಜಂತುಹುಳದ ಔಷಧಿ ಯಾವಾಗ ಕೊಟ್ಟಿದ್ದಾರೆ ಅಂತಲೂ ಕೇಳಿ. ಉತ್ತರಕ್ಕಿಂತ ಉತ್ತರ ಹೇಳುವ ರೀತಿ ನೋಡಿ.

ಎಲ್ಲಾ ಬಿಸಿನೆಸ್ಸೇ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸ್ವಾಮಿ. 12 ಸಾವಿರದವನೂ ವ್ಯಾಪಾರಿ, 35 ಸಾವಿರದವನೂ ವ್ಯಾಪಾರಿ. ಒಬ್ಬನಿಗೆ ಎಸಿ ಕೆನಲ್, ಇನ್ನೊಬ್ಬನಿಗೆ ಶೀಟಿನ ಶೆಡ್ಡು. ಬೀದಿಯಲ್ಲಿ ಚಳಿಗೆ ನಡುಗುವ ಮರಿ ಎಷ್ಟಿಲ್ಲ? ಒಂದನ್ನು ತನ್ನಿ. ಪುಣ್ಯ ಬರುತ್ತೆ, ದುಡ್ಡೂ ಉಳಿಯುತ್ತೆ.

ಲ್ಯಾಬ್ ಅಮ್ಮ (ಬೆಂಗಳೂರು)

ಮೇಲಿನವರ ಮಾತಿಗೆ ನನ್ನ ವಿರೋಧ ಇಲ್ಲ. ನಮ್ಮ ಮನೆಯಲ್ಲೂ ಬೀದಿಯಿಂದ ಬಂದ ಒಂದು ಇದೆ, ಅದೇ ಮನೆಯ ಯಜಮಾನಿ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡೋಣ.

ನಾನು ಎಂಟು ವರ್ಷದಲ್ಲಿ ಮೂರು ಸಲ ಮರಿ ಹಾಕಿಸಿದ್ದೇನೆ. ಮೂರೇ. ಹಾಗಾಗಿ ನನ್ನನ್ನು ಬ್ರೀಡರ್ ಅನ್ನಬಹುದೋ ಇಲ್ಲವೋ ನಿಮಗೆ ಬಿಟ್ಟದ್ದು.

ಮೊದಲು ಪೇಪರ್ ವಿಷಯ. ಕೆಸಿಐ ಸರ್ಟಿಫಿಕೇಟ್ ಅಂದರೆ ಅಪ್ಪ ಯಾರು, ಅಮ್ಮ ಯಾರು, ಅಜ್ಜ ಅಜ್ಜಿ ಯಾರು ಅನ್ನುವ ವಂಶಾವಳಿ. ಅಷ್ಟೇ. ನಾಯಿಯ ಸೊಂಟ ಗಟ್ಟಿ ಇದೆ, ಕಣ್ಣು ಸರಿ ಇದೆ ಅಂತ ಅದು ಹೇಳುವುದಿಲ್ಲ. ಜಾತಕ ಕೂಡಿ ಬಂತು ಅಂತ ಹುಡುಗನ ಮುಖ ನೋಡದೆ ಹೆಣ್ಣು ಕೊಡ್ತೀವಾ? ಪೇಪರ್ ಬೇಕು, ಆದರೆ ಅದು ಶುರು ಮಾತ್ರ. ಪೇಪರಿನಲ್ಲಿರುವ ಮೈಕ್ರೋಚಿಪ್ ನಂಬರೂ ನಾಯಿಯ ಮೈಯಲ್ಲಿರುವ ಚಿಪ್ಪೂ ಒಂದೇನಾ ಅಂತ ರೀಡರ್ ಇಟ್ಟು ತೋರಿಸಲು ಹೇಳಿ. ಬೇರೆ ನಾಯಿಯ ಪೇಪರ್ ತೋರಿಸಿ ಮಾರಿದ್ದನ್ನು ನಾನೇ ಕಂಡಿದ್ದೇನೆ.

ಲ್ಯಾಬ್‌ಗಳಿಗೆ ಸೊಂಟದ ಕೀಲು, ಮೊಣಕೈ ಕೀಲು ಸಡಿಲ ಇರುವ ತೊಂದರೆ ಜಾಸ್ತಿ. ಅದಕ್ಕೆ ಮರಿ ಹಾಕಿಸುವ ಮೊದಲು, ಅಪ್ಪ ಅಮ್ಮ ನಾಯಿಗಳಿಗೆ ಎರಡು ವರ್ಷ ತುಂಬಿದ ಮೇಲೆ ಎಕ್ಸ್‌ರೇ ತೆಗೆಸಬೇಕು. ಒಂದು ವರ್ಷದ ನಾಯಿ ಕುಣಿದು ಕುಪ್ಪಳಿಸುತ್ತಿದ್ದರೂ ಒಳಗೆ ಕೀಲು ಸರಿ ಇರದೇ ಇರಬಹುದು. ಇನ್ನೊಂದು, ಪಿಆರ್‌ಎ ಅಂತ. ನಿಧಾನಕ್ಕೆ ಕುರುಡಾಗುವ ಕಾಯಿಲೆ. ಅಪ್ಪ ಅಮ್ಮ ಇಬ್ಬರೂ ಚೆನ್ನಾಗೇ ಕಾಣುತ್ತಾರೆ, ಆದರೆ ಇಬ್ಬರ ಹತ್ತಿರವೂ ಆ ದೋಷದ ಒಂದೊಂದು ಪ್ರತಿ ಅಡಗಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ ಬರುತ್ತದೆ. ಡಿಎನ್‌ಎ ಪರೀಕ್ಷೆ ಇಲ್ಲದೆ ಇದು ಮೊದಲೇ ಗೊತ್ತಾಗುವ ದಾರಿಯೇ ಇಲ್ಲ. ಕಣ್ಣು ಹೋಗುವಷ್ಟರಲ್ಲಿ ಆ ನಾಯಿ ಎಷ್ಟೋ ಸಲ ಅಪ್ಪನೋ ಅಮ್ಮನೋ ಆಗಿರುತ್ತದೆ.

ನನ್ನ ಎರಡನೇ ಹೆಣ್ಣಿನ ಸೊಂಟದ ಎಕ್ಸ್‌ರೇ ಚೆನ್ನಾಗಿ ಬರಲಿಲ್ಲ. ಷೋನಲ್ಲಿ ಗೆದ್ದ ನಾಯಿ. ಮರಿಗೆ ಆಗಲೇ ನಾಲ್ಕು ಜನ ಕಾಯುತ್ತಿದ್ದರು. ಮರಿ ಆಗದಂತೆ ಆಪರೇಷನ್ ಮಾಡಿಸಿ ಮನೆಯಲ್ಲಿ ಇಟ್ಟುಕೊಂಡೆ. ಈಗ ಸೋಫಾ ಮೇಲೆ ಗೊರಕೆ ಹೊಡೆಯುತ್ತಾ ಮಲಗಿದೆ.

ದುಡ್ಡಿನ ಲೆಕ್ಕ ಕೇಳಿದ್ದೀರಿ. ಹೆಚ್ಚು ಬೆಲೆ ಅಂದರೆ ಒಳ್ಳೆಯವರು ಅಂತಲ್ಲ. ಆದರೆ ತೀರಾ ಕಡಿಮೆ ಬೆಲೆ ಹೇಗೆ ಸಾಧ್ಯ ಅಂತ ಯೋಚಿಸಿ. ಎಕ್ಸ್‌ರೇ, ಡಿಎನ್‌ಎ, ಸ್ಕ್ಯಾನ್, ತಾಯಿಗೆ ಒಳ್ಳೆ ಊಟ, 63 ದಿನದ ಗರ್ಭ, ಆಮೇಲೆ ಎಂಟು ವಾರ ಎಂಟು ಮರಿಗಳ ಹೊಟ್ಟೆ, ಜಂತುಹುಳ, ಲಸಿಕೆ. ಇವುಗಳಲ್ಲಿ ಯಾವುದನ್ನು ಬಿಟ್ಟರೆ 9,000ಕ್ಕೆ ಮಾರಬಹುದು? ಬಿಟ್ಟಿದ್ದನ್ನು ಕೊಂಡವರು ಆಮೇಲೆ ಆಸ್ಪತ್ರೆಯಲ್ಲಿ ಕಟ್ಟುತ್ತಾರೆ.

ಹಾಸನದ ಹೂದೋಟ

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಏನೂ ವಿಚಾರಿಸದೆ ಮನೆಯಲ್ಲೇ ಮರಿ ಹಾಕಿಸಿ ಮಾರುವವರನ್ನು ಜನ ಹಿತ್ತಲ ಬ್ರೀಡರ್, ಹಿತ್ತಲ ಬ್ರೀಡರ್ ಅನ್ನುತ್ತಾರಲ್ಲ, ನಾನು ಅದೇ ಆಗಿದ್ದೆ.

2003ರಲ್ಲಿ ಟಿವಿಯಲ್ಲಿ ಹಚ್ ಫೋನಿನ ಜಾಹೀರಾತು ಬಂತು, ಹುಡುಗನ ಹಿಂದೆ ಪಗ್ ನಾಯಿ ಓಡೋದು. ಆಮೇಲೆ ಊರಲ್ಲೆಲ್ಲ ಪಗ್ಗೇ ಪಗ್ಗು. ಕೆಲವು ವರ್ಷ ಬಿಟ್ಟು ನಮ್ಮನೆಗೂ ಒಂದು ಬಂತು. ಹೆಣ್ಣು. ಚಿನ್ನಿ ಅಂತ ಹೆಸರು. ಬೆದೆಗೆ ಬಂದಾಗಲೆಲ್ಲ ಅಕ್ಕಪಕ್ಕದವರದು ಒಂದೇ ಮಾತು. "ಒಂದು ಸಲವಾದರೂ ಮರಿ ಹಾಕಿಸ್ರೀ, ಇಲ್ಲಾಂದ್ರೆ ಗರ್ಭಕೋಶದ ಕಾಯಿಲೆ ಬರುತ್ತೆ." ನಾನೂ ನಂಬಿದೆ. ಒಂದು ಸಲ ಮರಿ ಹಾಕಿಸಿದರೆ ಆ ಕಾಯಿಲೆ ತಪ್ಪುವುದಿಲ್ಲ, ಮರಿ ಆಗದಂತೆ ಆಪರೇಷನ್ ಮಾಡಿಸಿದರೆ ತಪ್ಪುತ್ತೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ನಮ್ಮವರ ಆಫೀಸಿನಲ್ಲಿ ಒಬ್ಬರ ಹತ್ತಿರ ಗಂಡು ಪಗ್ ಇತ್ತು. ಕ್ರಾಸ್ ಮಾಡಿಸಿದೆವು. ಮಾತುಕತೆ ಏನಪ್ಪಾ ಅಂದರೆ, ದುಡ್ಡು ಬೇಡ, ಹುಟ್ಟಿದ ಮರಿಗಳಲ್ಲಿ ಒಂದು ಅವರಿಗೆ. ಎರಡೂ ನಾಯಿ ಒಂದೇ ಮನೆಯಿಂದ ಬಂದಿದ್ದವು, ಎರಡಕ್ಕೂ ಅಪ್ಪ ಒಂದೇ ಅಂತ ಆಮೇಲೆ ಮಾತಿಗೆ ಮಾತು ಬಂದಾಗ ತಿಳಿಯಿತು. ಕೇಳಬೇಕು ಅಂತಲೇ ನಮಗೆ ಹೊಳೆದಿರಲಿಲ್ಲ. ಪಗ್ಗಿಗೆ ಪಗ್ಗು, ಅಷ್ಟೇ ತಾನೇ.

ಹೆರಿಗೆ ರಾತ್ರಿ ಶುರುವಾಯಿತು. ಒಂದು ಮರಿ ಬಂತು. ಎರಡನೆಯದು ಬರಲಿಲ್ಲ. ಪಗ್ ಮರಿಗಳಿಗೆ ತಲೆ ದೊಡ್ಡದು, ಸಿಕ್ಕಿಕೊಳ್ಳುತ್ತೆ. ನಮ್ಮ ಹತ್ತಿರ ಡಾಕ್ಟರ ರಾತ್ರಿಯ ನಂಬರ್ ಇರಲಿಲ್ಲ. ಬೆಳಗ್ಗೆ ಏಳಕ್ಕೆ ಕರೆದುಕೊಂಡು ಹೋದೆವು. ಸಿಸೇರಿಯನ್ ಆಯಿತು. ಚಪ್ಪಟೆ ಮೂಗಿನ ನಾಯಿಗೆ ಅರಿವಳಿಕೆ ಕೊಡುವುದು ಎಷ್ಟು ಅಪಾಯ ಅಂತ ಅವತ್ತು ಡಾಕ್ಟರ ಮುಖ ನೋಡಿ ಗೊತ್ತಾಯಿತು. ಚಿನ್ನಿ ಉಳಿಯಿತು. ಐದರಲ್ಲಿ ಮೂರು ಮರಿ ಉಳಿದವು. ಅವಳಿಗೆ ಹಾಲು ಸಾಲದು. ಎರಡೆರಡು ಗಂಟೆಗೆ ಎದ್ದು ಬಾಟಲಿ ಹಾಲು. ನನಗೂ ಸಾಕಾಗಿತ್ತು. 32 ದಿನಕ್ಕೇ ಎರಡನ್ನು ಮಾರಿದೆವು, ಮಾತಿನಂತೆ ಒಂದು ಆಫೀಸಿನವರ ಮನೆಗೆ ಹೋಯಿತು. ಕಣ್ಣು ಬಿಟ್ಟು ಓಡಾಡುತ್ತಿವೆಯಲ್ಲ, ಇನ್ನೇನು ಅಂದುಕೊಂಡೆವು. ಬಂದ ದುಡ್ಡು ಆಪರೇಷನ್ನಿಗೂ ಸಾಲಲಿಲ್ಲ.

ಎರಡು ವರ್ಷದ ಮೇಲೆ ಕೊಂಡವರಲ್ಲಿ ಒಬ್ಬರು ಫೋನ್ ಮಾಡಿದರು. ಪಾಪ, ಜಗಳ ಮಾಡಲು ಅಲ್ಲ. "ಮೇಡಂ, ಮಂಡಿಚಿಪ್ಪು ಜಾರುತ್ತಿದೆ ಅಂತಾರೆ ಡಾಕ್ಟ್ರು, ಇದರ ಅಮ್ಮನಿಗೂ ಹೀಗೆ ಇತ್ತಾ?" ಅಂತ ಕೇಳಿದರು. ನಾನು "ನೋಡಿ ಹೇಳ್ತೀನಿ" ಅಂದೆ. ಚಿನ್ನಿಗೂ ಇತ್ತು. ಮಧ್ಯೆ ಮಧ್ಯೆ ಒಂದು ಕಾಲೆತ್ತಿ ಕುಂಟುತ್ತಿತ್ತು. ನಾವದನ್ನು ಚೇಷ್ಟೆ ಅಂದುಕೊಂಡಿದ್ದೆವು. ಅವರು ಮತ್ತೆ ಮೂರ್ನಾಲ್ಕು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ.

ನಾವು ಕೆಟ್ಟವರಲ್ಲ. ಚಿನ್ನಿಯನ್ನು ಮಗಳ ಹಾಗೆ ನೋಡಿಕೊಂಡೆವು. ಆದರೆ ಆ ಫೋನ್ ಎತ್ತಲಿಲ್ಲ.

ಮೈಸೂರು ವೆಟ್

ಅಕ್ಕ, ಬರೆದಿದ್ದಕ್ಕೆ ಥ್ಯಾಂಕ್ಸ್. ಆ "ಒಂದು ಸಲ ಮರಿ ಹಾಕಿಸಿ" ಮಾತು ಈಗಲೂ ವಾರಕ್ಕೊಬ್ಬರಾದರೂ ನನ್ನ ಹತ್ತಿರ ಹೇಳುತ್ತಾರೆ.

ಘಟಪ್ರಭಾ ದಂಡಿ

ಒಂದು ತಕರಾರು ಇದೆ ನೋಡ್ರಿ. "ಹಿತ್ತಲ ಬ್ರೀಡರ್" ಅನ್ನುವ ಬೈಗುಳವೇ ನನಗೆ ಸರಿ ಕಾಣುವುದಿಲ್ಲ.

ನಮ್ಮದು ಮುಧೋಳ ತಾಲೂಕು. ನಮ್ಮ ಕಡೆ ಬೇಟೆ ನಾಯಿ ಬೆಳೆದಿದ್ದೇ ಹಿತ್ತಲಲ್ಲಿ, ಹೊಲದಲ್ಲಿ. ಘೋರ್ಪಡೆ ಸಂಸ್ಥಾನದವರು ಈ ತಳಿಗೆ ಹೆಸರು ತಂದರು ಖರೆ, ಆದರೆ ಮುಂದೆ ಅದನ್ನು ಉಳಿಸಿದ್ದು ರೈತರ ಮನೆಗಳು. ನಮ್ಮ ಅಜ್ಜನಿಗೆ ಡಿಎನ್‌ಎ ಗೊತ್ತಿರಲಿಲ್ಲ. ಆದರೆ ಯಾವ ನಾಯಿಯ ಅಪ್ಪ ಯಾರು, ಯಾವ ಊರಿಂದ ಬಂತು, ಯಾವುದು ಓಡುವಾಗ ಕಾಲು ಎಳೀತಿತ್ತು, ಎಲ್ಲ ಬಾಯಲ್ಲಿ ಇತ್ತು. ಒಂದೇ ರಕ್ತ ಕೂಡಿಸಬಾರದು ಅಂತ ಗಂಡು ನಾಯಿಗೆ ಎರಡು ಊರು ದಾಟಿ ನಡೆದುಕೊಂಡು ಹೋಗುತ್ತಿದ್ದ. ಹೊಲ ಇಲ್ಲದವನಿಗೆ ಮರಿ ಕೊಡುತ್ತಿರಲಿಲ್ಲ. "ಇದನ್ನ ಕಟ್ಟಿ ಹಾಕಿದ್ರ ಸಾಯ್ತದ" ಅನ್ನುತ್ತಿದ್ದ.

ಈಗ ಕಥೆ ಬೇರೆ. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್‌ಗೆ ಒಯ್ದರು. 2020ರಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಹೆಸರು ಹೇಳಿದರು. ಹೆಮ್ಮೆಯ ಮಾತೇ. ಆದರೆ ಅದರ ಬೆನ್ನಿಗೇ ಫೋನಿನ ಮೇಲೆ ಫೋನು. ಕೇಳುವವರು ಜಾಸ್ತಿ ಆದಂಗೆ, ಉದ್ದ ಕಾಲು, ಸಪೂರ ಹೊಟ್ಟೆ ಇದ್ದದ್ದೆಲ್ಲ "ಒರಿಜಿನಲ್ ಮುಧೋಳ" ಆಯಿತು. ವರ್ಷಕ್ಕೆ ಎರಡು ಸಲ ಮರಿ ಹಾಕಿಸಿ ಎಲುಬು ಕಾಣುವ ಹೆಣ್ಣುನಾಯಿ ನಾನು ನೋಡಿದ್ದೇನೆ. ಮೂರನೇ ಮಹಡಿ ಫ್ಲ್ಯಾಟಿಗೆ ಹೋದ ಮರಿಗಳು ಸೋಫಾ ಹರಿದು ಹಾಕಿ, "ಹುಚ್ಚು ನಾಯಿ ಕೊಟ್ಟೀರಿ" ಅಂತ ಬೈಗುಳ ಬಂದದ್ದೂ ಕೇಳಿದ್ದೇನೆ. ಗಾಳಿಯಂಗ ಓಡಲು ಹುಟ್ಟಿದ ಪ್ರಾಣಿ ಅದು.

ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮುಧೋಳ ತಳಿ ಬೇಕಾದವರು ಮೊದಲು ಅಲ್ಲಿ ಹೋಗಿ ನೋಡಿ, ತಿಳಿದುಕೊಂಡು, ಆಮೇಲೆ ರೈತರ ಮನೆಗೆ ಹೋಗ್ರಿ.

ನಾನು ಹೇಳೋದು ಇಷ್ಟೇ. ಜಾಗ ಹಿತ್ತಲೋ ಎಸಿ ಕೆನಲ್ಲೋ ಅನ್ನುವುದು ಮುಖ್ಯ ಅಲ್ಲ. ನಮ್ಮ ಅಜ್ಜ ಹಿತ್ತಲ ಬ್ರೀಡರ್, ಮತ್ತು ನೀವು ಹೇಳುವ ಎಲ್ಲಾ ಒಳ್ಳೆ ಗುಣ ಅವನಲ್ಲಿ ಇದ್ದವು. ಎಕ್ಸ್‌ರೇ ಒಂದು ಬಿಟ್ಟು.

ಲ್ಯಾಬ್ ಅಮ್ಮ (ಬೆಂಗಳೂರು)

ಒಪ್ಪಿದೆ ಅಣ್ಣ. ಆ ಪದ ಇಂಗ್ಲಿಷಿನಿಂದ ಹಾಗೇ ಎತ್ತಿಕೊಂಡು ಬಂದಿದ್ದು, ನಮ್ಮ ಹಿತ್ತಲಿಗೆ ಹೊಂದುವುದಿಲ್ಲ. ನಿಮ್ಮ ಅಜ್ಜ ಎರಡು ಊರು ನಡೆದದ್ದು ಇದೆಯಲ್ಲ, ಡಿಎನ್‌ಎ ಪರೀಕ್ಷೆಯ ಉದ್ದೇಶವೂ ಅದೇ.

ಕೋರ್ಟು ಕಚೇರಿ

ಕಾನೂನಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಯಿ ಸಾಕಿ ಮರಿ ಮಾರುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ತಂದಿದೆ, ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ. ಅದರ ಪ್ರಕಾರ ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣುನಾಯಿಗೆ 18 ತಿಂಗಳು ತುಂಬಿರಬೇಕು, ಬೆನ್ನು ಬೆನ್ನಿಗೆ ಎರಡು ಸಲ ಮರಿ ಹಾಕಿಸುವಂತಿಲ್ಲ, ಇಡೀ ಜೀವನದಲ್ಲಿ ಐದು ಸಲ ಮೀರುವಂತಿಲ್ಲ. ಮೈಕ್ರೋಚಿಪ್, ಲಸಿಕೆ, ದಾಖಲೆ ಪುಸ್ತಕ ಎಲ್ಲಾ ಕಡ್ಡಾಯ.

ಹಾಗಾಗಿ "ನಿಮ್ಮ ನೋಂದಣಿ ನಂಬರ್ ಎಷ್ಟು?" ಅಂತ ಕೇಳಲು ಸಂಕೋಚ ಬೇಡ. ಮನೆ ಕೊಳ್ಳುವಾಗ ಖಾತೆ ಕೇಳುವುದಿಲ್ಲವೇ?

ಎಲ್ಲಾ ಬಿಸಿನೆಸ್ಸೇ

ನಿಯಮ ಪುಸ್ತಕದಲ್ಲಿ, ಮರಿ ರಟ್ಟಿನ ಡಬ್ಬದಲ್ಲಿ. ಯಾರು ಬಂದು ಎಣಿಸ್ತಾರೆ ಸ್ವಾಮಿ ಐದು ಸಲ ಆಯ್ತಾ ಆರು ಸಲ ಆಯ್ತಾ ಅಂತ?

ಕೋರ್ಟು ಕಚೇರಿ

ಅದು ನಿಜ. ಆದರೆ ಕೊಳ್ಳುವವರು ಯಾರೂ ಕೇಳದಿದ್ದರೆ ಮಾರುವವನಿಗೆ ನೋಂದಣಿ ಮಾಡಿಸುವ ಜರೂರು ಏನಿದೆ ಹೇಳಿ.

ಲೀಡ್ಸ್ ಕನ್ನಡಿಗ

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ 2020ರ ಏಪ್ರಿಲ್‌ನಿಂದ ಲೂಸಿ ಕಾನೂನು ಅಂತ ಬಂದಿದೆ. ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರು, ದಲ್ಲಾಳಿಗಳು ಮಾರುವಂತಿಲ್ಲ. ಸಾಕಿದವರ ಮನೆಗೇ ಹೋಗಿ, ತಾಯಿಯ ಜೊತೆ ಮರಿ ನೋಡಿ ಕೊಳ್ಳಬೇಕು. ಇಲ್ಲವೇ ರಕ್ಷಣಾ ಕೇಂದ್ರದಿಂದ ತರಬೇಕು. ಆದರೆ ಕಳ್ಳರು ಎಲ್ಲಾ ಕಡೆ ಕಳ್ಳರೇ. ಬೇರೆ ಯಾವುದೋ ಹೆಣ್ಣುನಾಯಿಯನ್ನು "ಇದೇ ಅಮ್ಮ" ಅಂತ ತೋರಿಸುವವರು ಇಲ್ಲೂ ಇದ್ದಾರೆ. ಹಾಗಾಗಿ ತಾಯಿಯ ಹೊಟ್ಟೆ ನೋಡಿ. ಹಾಲೂಡಿಸುತ್ತಿರುವ ನಾಯಿಯ ಮೊಲೆಗಳು ಇಳಿಬಿದ್ದಿರುತ್ತವೆ. ಮರಿಗಳು ಅದರ ಹತ್ತಿರ ಓಡಿಹೋಗುತ್ತಾವಾ ನೋಡಿ.

ತುಮಕೂರಿನ ಅಪ್ಪ

ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ಮೂರು ವಾರದಿಂದ ನಡೆದದ್ದನ್ನು ಹೇಳುತ್ತೇನೆ.

12,000 ಹೇಳಿದವರ ಹತ್ತಿರ ತಾಯಿ ನೋಡಬೇಕು ಅಂದೆ. "ಮರಿ ತಗೋತೀರೋ ತಾಯಿ ತಗೋತೀರೋ?" ಅಂದರು. ಅಲ್ಲಿಗೆ ಮುಗಿಯಿತು.

35,000 ಹೇಳಿದವರ ಕೆನಲ್‌ಗೆ ಹೋದೆ. ನೆಲ ಫಳಫಳ. ಗೋಡೆ ತುಂಬ ಕಪ್ಪುಗಳು. ಪೇಪರ್ ಇದೆ, ಚಿಪ್ ಇದೆ. ಎಕ್ಸ್‌ರೇ ಕೇಳಿದರೆ "ನಮ್ಮ ಲೈನಲ್ಲಿ ಆ ಪ್ರಾಬ್ಲಮ್ಮೇ ಇಲ್ಲ ಸರ್" ಅಂದರು. ಎರಡು ವರ್ಷದ ಹಿಂದೆ ನಿಮ್ಮಿಂದ ಮರಿ ಕೊಂಡ ಯಾರದಾದರೂ ನಂಬರ್ ಕೊಡಿ ಅಂದೆ. ಹಾಸನದ ಅಕ್ಕನ ಮಾತು ತಲೆಯಲ್ಲಿ ಕೂತಿತ್ತು. "ಪ್ರೈವೆಸಿ ಸರ್" ಅಂದರು. ಆಮೇಲೆ, ಇವತ್ತೇ ಮುಂಗಡ ಕೊಟ್ಟರೆ ಐದು ಸಾವಿರ ಕಡಿಮೆ ಮಾಡ್ತೀನಿ ಅಂದರು. ವಾಪಸ್ ಬಂದೆ.

ಮೂರನೆಯವರು ಒಬ್ಬ ನಿವೃತ್ತ ಮೇಡಂ. ನಮ್ಮ ವೆಟ್ ಹೇಳಿ ಕಳಿಸಿದ್ದು. ಅವರ ಹತ್ತಿರ ಈಗ ಮರಿಯೇ ಇಲ್ಲ. ಒಂದೂವರೆ ಗಂಟೆ ಅವರೇ ನನ್ನನ್ನು ಪ್ರಶ್ನೆ ಕೇಳಿದರು. ಹಗಲು ಮನೆಯಲ್ಲಿ ಯಾರಿರುತ್ತಾರೆ? ಊರಿನ ಜಾತ್ರೆಗೆ ಹೋದಾಗ ನಾಯಿಯನ್ನು ಎಲ್ಲಿ ಬಿಡ್ತೀರಿ? ಮಗಳು ಕಾಲೇಜಿಗೆ ಹಾಸ್ಟೆಲ್ ಸೇರಿದ ಮೇಲೆ ಯಾರು ನಡೆಸಿಕೊಂಡು ಹೋಗ್ತಾರೆ? ಪಾರ್ವೊ ವಿಷಯ ಹೇಳಿದೆ. ಮನೆ ಏನಿಂದ ತೊಳೆದಿರಿ ಅಂತ ಕೇಳಿದರು! ಎಕ್ಸ್‌ರೇ ನಾನು ಕೇಳುವ ಮೊದಲೇ ತಂದು ಕಿಟಕಿ ಬೆಳಕಿಗೆ ಹಿಡಿದರು. ನನಗೇನೂ ಅರ್ಥ ಆಗಲಿಲ್ಲ, ತಲೆ ಆಡಿಸಿದೆ. ಯಾವ ಕಾರಣಕ್ಕೇ ಆಗಲಿ ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡುವಂತಿಲ್ಲ, ನನಗೇ ವಾಪಸ್ ತಂದು ಕೊಡಬೇಕು ಅಂತ ಬರೆಸಿಕೊಳ್ಳುತ್ತಾರಂತೆ.

ನಂಬರ್ ಕೇಳಿದೆ. ಹಳಬರ ಹತ್ತಿರ ಒಂದು ಮಾತು ಕೇಳಿ, ಮೂರು ನಂಬರ್ ಕೊಟ್ಟರು. ಒಬ್ಬರು ತಿಪಟೂರಿನವರು, ನಾಲ್ಕು ವರ್ಷದ ನಾಯಿ. "ಆ ಮೇಡಮ್ಮಾ? ವರ್ಷಾ ವರ್ಷಾ ನಾಯಿ ಹುಟ್ಟಿದ ದಿನ ಫೋನ್ ಮಾಡಿ ತೂಕ ಎಷ್ಟು ಅಂತ ಕೇಳ್ತಾರೆ. ಜಾಸ್ತಿ ಹೇಳಿದರೆ ಬೈತಾರೆ" ಅಂದರು.

ಹಾಸನದ ಹೂದೋಟ

ಇದೇ ಕಣ್ರೀ. ಮರಿ ಯಾವಾಗ ಕೊಡ್ತಾರಂತೆ?

ತುಮಕೂರಿನ ಅಪ್ಪ

ಇನ್ನೂ ಕೊಡ್ತೀನಿ ಅಂದಿಲ್ಲ ಅಕ್ಕ. ಮುಂದಿನ ಬೆದೆಗೆ ನೋಡೋಣ, ಆರೇಳು ತಿಂಗಳಾಗಬಹುದು ಅಂದರು. ಮುಂಗಡ ತೆಗೆದುಕೊಳ್ಳಲಿಲ್ಲ. ಹೋದ ಭಾನುವಾರ ಅವರೇ ನಮ್ಮ ಮನೆ ನೋಡಲು ಬಂದಿದ್ದರು. ಮಗಳು ಕಾಫಿ ಕೊಟ್ಟಳು. ಕಾಫಿ ಕುಡಿಯುವ ಮೊದಲು ಅಂಗಳದ ಸುತ್ತ ಒಂದು ಸುತ್ತು ಬಂದು, ಗೇಟಿನ ಕೆಳಗಿನ ಸಂದಿಗೆ ಕೈ ಇಟ್ಟು ಅಳತೆ ನೋಡಿದರು. "ಇದರಲ್ಲಿ ಎರಡು ತಿಂಗಳ ಮರಿ ಆರಾಮಾಗಿ ನುಸುಳುತ್ತೆ. ಮುಚ್ಚಿಸಿ ಫೋಟೋ ಕಳಿಸಿ" ಅಂದರು.

ನಾಳೆ ವೆಲ್ಡಿಂಗ್‌ನವನು ಬರುತ್ತಾನೆ.